ಸುಮ್ನೆ ನಿಂತ ಸ್ವಿಚ್‌ಗೂ ಕರೆಂಟ್ ಯಾಕೆ?

ಪ್ರೋಗ್ರಾಮೆಬಲ್ ಫೋಟಾನಿಕ್ ಚಿಪ್ (ಒಳಗೆ ಬೆಳಕು ಹೋಗುವ ದಾರಿಯನ್ನು ಬೇಕಾದಂತೆ ಬದಲಿಸಬಹುದಾದ ಚಿಪ್) ಅಂದ ಕೂಡಲೇ ಜನ ಕೇಳುವುದು ವೇಗ. ಸ್ವಿಚ್ ಎಷ್ಟು ನ್ಯಾನೊಸೆಕೆಂಡಿನಲ್ಲಿ ಬದಲಾಗುತ್ತದೆ ಅಂತ. ನಾನು ಮೊದಲು ಕೇಳುವುದು ಬೇರೆ. ಬದಲಾದ ಮೇಲೆ ಅದು ಹಾಗೇ ಇರಲು ಎಷ್ಟು ವಿದ್ಯುತ್ ತಿನ್ನುತ್ತದೆ?

ಈ ಚಿಪ್‌ಗಳಲ್ಲಿ ಹೆಚ್ಚಾಗಿ ಇರುವುದು ಮಾಕ್-ಝೆಂಡರ್ ಸ್ವಿಚ್. ಬೆಳಕನ್ನು ಎರಡು ದಾರಿಗೆ ಒಡೆದು, ಒಂದರಲ್ಲಿ ಫೇಸ್ (ಅಲೆಯ ಏರಿಳಿತದ ಸ್ಥಾನ) ಸರಿಸಿ, ಮತ್ತೆ ಕೂಡಿಸುತ್ತೇವೆ. ಎಷ್ಟು ಸರಿಸಿದ್ದೇವೆ ಎಂಬುದರ ಮೇಲೆ ಬೆಳಕು ಯಾವ ಕಡೆ ಹೋಗಬೇಕೆಂದು ನಿರ್ಧಾರವಾಗುತ್ತದೆ. ಸಿಲಿಕಾನಿನಲ್ಲಿ ಇದಕ್ಕೆ ಸುಲಭದ ದಾರಿ ಬಿಸಿ ಮಾಡುವುದು. 200 ಮೈಕ್ರೊಮೀಟರ್ ಉದ್ದದ ವೇವ್‌ಗೈಡ್ (ಬೆಳಕು ಸಾಗುವ ಸಣ್ಣ ದಾರಿ) ಸುಮಾರು 20 ಡಿಗ್ರಿ ಬಿಸಿಯಾದರೆ 1550 ನ್ಯಾನೊಮೀಟರಿನ ಬೆಳಕು ಅರ್ಧ ಅಲೆಯಷ್ಟು ಸರಿಯುತ್ತದೆ. ಮಾಮೂಲಿ ಹೀಟರ್‌ಗೆ ಇದಕ್ಕೆ 10ರಿಂದ 30 ಮಿಲಿವ್ಯಾಟ್ ಸಾಕು.

ಚಿಲ್ಲರೆ ಲೆಕ್ಕ ಅನ್ನಿಸುತ್ತದೆ, ಅಲ್ವಾ? ಆದರೆ 64 ಇನ್‌ಪುಟ್, 64 ಔಟ್‌ಪುಟ್‌ಗಳ ಪೂರ್ತಿ ಜಾಲಕ್ಕೆ 2016 ಸ್ವಿಚ್ ಬೇಕು. ಒಂದೊಂದಕ್ಕೂ ಎರಡು ಹೀಟರ್. ಸರಾಸರಿ 10 ಮಿಲಿವ್ಯಾಟ್ ಹಿಡಿದರೂ 40 ವ್ಯಾಟ್ ಆಯಿತು. ಇಷ್ಟೂ ಹೋಗುವುದು ಇದ್ದ ಸ್ಥಿತಿಯನ್ನು ಉಳಿಸಿಕೊಳ್ಳುವುದಕ್ಕೆ. ಸಾಲದ್ದಕ್ಕೆ ಒಂದರ ಬಿಸಿ ಪಕ್ಕದ ಸ್ವಿಚ್‌ನ ಫೇಸನ್ನೂ ಕೆಡಿಸುತ್ತದೆ. ಹೀಟರ್ ಸುತ್ತ, ಅಡಿಯಲ್ಲಿ ಕೊರೆದು ಬಿಸಿ ಹೊರಹೋಗದಂತೆ ಮಾಡಿದರೆ ವಿದ್ಯುತ್ ಬಹಳ ಇಳಿಯುತ್ತದೆ, ಸ್ವಿಚ್ ಮಾತ್ರ ನಿಧಾನವಾಗುತ್ತದೆ.

ಅದಕ್ಕೇ ನನಗೆ ಆಂಟಿಮನಿ ಸೆಲೆನೈಡ್‌ನಂಥ ಫೇಸ್ ಚೇಂಜ್ ವಸ್ತುಗಳ ಮೇಲೆ ಅಷ್ಟು ಆಸೆ. (ಇಲ್ಲಿ ಫೇಸ್ ಅಂದರೆ ಅಲೆಯದ್ದಲ್ಲ, ವಸ್ತುವಿನ ಸ್ಥಿತಿ.) ಚುರುಕಾದ ಒಂದು ಪಲ್ಸ್ ಕೊಟ್ಟು ಕರಗಿಸಿ ತಟ್ಟನೆ ತಣಿಸಿದರೆ ಅದರ ಪರಮಾಣುಗಳ ಜೋಡಣೆ ಕೆಡುತ್ತದೆ. ಹದವಾಗಿ ಕಾಯಿಸಿದರೆ ಮತ್ತೆ ಹರಳಾಗುತ್ತದೆ. ಒಂದೊಂದು ಸ್ಥಿತಿಯಲ್ಲಿ ಬೆಳಕಿನ ಫೇಸ್ ಒಂದೊಂದು ಥರ ಸರಿಯುತ್ತದೆ. ಎರಡೂ ಸ್ಥಿತಿಗಳು ಕರೆಂಟ್ ಇಲ್ಲದೆ ಉಳಿಯುತ್ತವೆ, 1550ರ ಬೆಳಕನ್ನು ಹೆಚ್ಚು ಹೀರುವುದೂ ಇಲ್ಲ.

ಒಂದು ಬದಲಾವಣೆಗೆ 10 ಮೈಕ್ರೊಜೌಲ್ ಖರ್ಚು ಎಂದಿಟ್ಟುಕೊಳ್ಳಿ. 10 ಮಿಲಿವ್ಯಾಟ್ ಹೀಟರ್ ಅಷ್ಟನ್ನು 1 ಮಿಲಿಸೆಕೆಂಡಿನಲ್ಲೇ ಮುಗಿಸುತ್ತದೆ. ಅಂದರೆ ಸೆಕೆಂಡಿಗೆ 1000 ಸಲಕ್ಕಿಂತ ಕಡಿಮೆ ಬದಲಾಗುವ ಕಡೆಯೆಲ್ಲ ಈ ವಸ್ತುವೇ ಲಾಭ. ಆದರೆ ಬಾಳಿಕೆಯನ್ನೂ ನೋಡಬೇಕು. 10 ಲಕ್ಷ ಸಲ ತಾಳುವ ಸ್ವಿಚ್ ಆದರೂ ಆ ವೇಗದಲ್ಲಿ 17 ನಿಮಿಷದೊಳಗೆ ಆಯಸ್ಸು ಮುಗಿಸುತ್ತದೆ! ಗಂಟೆಗೆ ಒಮ್ಮೆ ದಾರಿ ಬದಲಿಸುವ ಕೆಲಸಕ್ಕೆ ಅದೇ ಸ್ವಿಚ್ ಧಾರಾಳ.

ವೇಗ ಬೇಕೇ ಬೇಕು ಅಂದರೆ ಲಿಥಿಯಂ ನಯೋಬೇಟ್ ಎಂಬ ಹರಳು ಇದೆ. ವೋಲ್ಟೇಜ್‌ನಿಂದಲೇ ಫೇಸ್ ಸರಿಯುತ್ತದೆ, ಆದರೆ ಮಿಲಿಮೀಟರ್‌ಗಟ್ಟಲೆ ಜಾಗ ತಿನ್ನುತ್ತದೆ.

ಇನ್ನೊಂದು ಖರ್ಚು ಸ್ವಿಚ್‌ನ ಡೇಟಾಶೀಟಿನ ವಿದ್ಯುತ್ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಬೆಳಕಿನ ನಷ್ಟ. ಹಂತಕ್ಕೆ (ದಾರಿಯಲ್ಲಿ ಸಿಗುವ ಒಂದೊಂದು ಸ್ವಿಚ್‌ಗೆ) 0.1 ಡೆಸಿಬೆಲ್ ಹೋದರೂ 64 ಹಂತ ದಾಟುವಷ್ಟರಲ್ಲಿ 6.4 ಡೆಸಿಬೆಲ್. ಅದನ್ನು ತುಂಬಲು ಲೇಸರ್ ನಾಲ್ಕು ಪಟ್ಟಿಗಿಂತ ಜಾಸ್ತಿ ಬೆಳಕು ಕೊಡಬೇಕು. ಸ್ವಿಚ್‌ನಲ್ಲಿ ಉಳಿಸಿದ್ದನ್ನು ಲೇಸರ್‌ಗೆ ಕಟ್ಟುತ್ತಿದ್ದೇವಾ ಎಂದು ಮೊದಲೇ ನೋಡಿಕೊಳ್ಳಿ. ನನ್ನ ಆಯ್ಕೆ ಬೆರಕೆ ವಿನ್ಯಾಸ: ಅಪರೂಪಕ್ಕೆ ಬದಲಾಗುವ ದಾರಿಗಳಿಗೆ ಫೇಸ್ ಚೇಂಜ್ ವಸ್ತು, ಸಣ್ಣಪುಟ್ಟ ತಿದ್ದುಪಡಿಗೆ ಸುತ್ತ ಕೊರೆದ ಹೀಟರ್.