ಗಿನಿಪಿಗ್‌ಗಳಿಗೆ ಗೊತ್ತಿದ್ದ ಗುಟ್ಟು

2003ರ ಮಾರ್ಚ್ 4. ಹಾಂಗ್‌ಕಾಂಗ್‌ನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ 8ಎ ವಾರ್ಡಿಗೆ ಜ್ವರ, ಕೆಮ್ಮು ಅಂತ ಒಬ್ಬ ಯುವಕ ಸೇರಿದ. ಮಾಮೂಲಿ ನ್ಯುಮೋನಿಯಾ ಇರಬೇಕು ಅಂದುಕೊಂಡು ದಿನಕ್ಕೆ ನಾಲ್ಕು ಸಲ ನೆಬ್ಯುಲೈಸರ್ ಕೊಟ್ಟರು. ಉಬ್ಬಸ ಬಂದ ಮಕ್ಕಳಿಗೆ ಕ್ಲಿನಿಕ್‌ನಲ್ಲಿ ಮೂಗಿಗೆ ಹಿಡಿಯುತ್ತಾರಲ್ಲ, ಬುರ್ರ್ ಅಂತ ಹೊಗೆ ಬಿಡುವ ಆ ಮಷೀನು. ಅವನಿಗಿದ್ದದ್ದು ಸಾರ್ಸ್, ಶ್ವಾಸಕೋಶಕ್ಕೆ ಬಡಿಯುವ ಆಗಿನ ಹೊಸ ವೈರಸ್ ಕಾಯಿಲೆ. ಮಾರ್ಚ್ 25ರ ಹೊತ್ತಿಗೆ ಆ ಆಸ್ಪತ್ರೆಯಲ್ಲಿ 138 ಮಂದಿಗೆ ಕಾಯಿಲೆ ಕಾಣಿಸಿತ್ತು. ಅದರಲ್ಲಿ 69 ಜನ ಸಿಬ್ಬಂದಿ, 16 ಜನ ಮೆಡಿಕಲ್ ವಿದ್ಯಾರ್ಥಿಗಳು. ಮದ್ದಿನ ಹೊಗೆಯೇ ವೈರಸ್ಸನ್ನೂ ಹೊತ್ತು ವಾರ್ಡಿನಲ್ಲಿ ತಿರುಗಿತೇನೋ ಅಂತ ವೈದ್ಯರಿಗೆ ಅನುಮಾನ ಬಂತು.

ಗಾಳಿಯ ಮೇಲೆ ಅನುಮಾನ ಬರಲು ಇಷ್ಟು ತಡ ಯಾಕೆ? ಅದಕ್ಕೆ ಹಳೇ ಕಥೆಯಿದೆ. ಕಾಯಿಲೆ ಹರಡುವುದು ಕೆಟ್ಟ ಗಾಳಿಯಿಂದ ಅಂತ ಜನ ಬಹಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಓಡಿಸಬೇಕಿತ್ತು. ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚಾಪಿನ್ 1910ರಲ್ಲಿ, ಮುಟ್ಟುವುದರಿಂದ ಮತ್ತು ಹತ್ತಿರದಿಂದ ಸಿಡಿಯುವ ಹನಿಯಿಂದಲೇ ಸೋಂಕು ಜಾಸ್ತಿ ಅಂತ ವಾದಿಸಿದರು. ಕೈ ತೊಳೆಯಿರಿ, ಸ್ವಲ್ಪ ದೂರ ಇರಿ. ಒಳ್ಳೆಯ ಸಲಹೆಯೇ. ಆದರೆ ಕೆಟ್ಟ ಗಾಳಿಯ ಜೊತೆ ಗಾಳಿಯನ್ನೇ ಮರೆತುಬಿಟ್ಟರು.

1934ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ ಬೇರೆ ಮಾತು ಹೇಳಿದರು. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ, ಚಿಕ್ಕದು ಬೀಳುವ ಮೊದಲೇ ಒಣಗಿ ಧೂಳಿನ ಕಣದ ಹಾಗೆ ತೇಲುತ್ತಿರುತ್ತದೆ ಅಂದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1950ರ ದಶಕದ ಕೊನೆಗೆ ಅವರೂ ವೈದ್ಯ ರಿಚರ್ಡ್ ರೈಲಿಯೂ ಸೇರಿ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಒಂದು ವಿಚಿತ್ರ ಏರ್ಪಾಟು ಮಾಡಿದರು. ಕೆಳಗೆ ಕ್ಷಯ ರೋಗಿಗಳ ಆರು ಹಾಸಿಗೆಯ ವಾರ್ಡು. ಅಲ್ಲಿಂದ ಹೊರಬೀಳುವ ಗಾಳಿ ಕೊಳವೆಯಲ್ಲಿ ಸೀದಾ ಮೇಲಿನ ಕೋಣೆಗೆ. ಅಲ್ಲಿ ನೂರೈವತ್ತರಷ್ಟು ಗಿನಿಪಿಗ್‌ಗಳು. ರೋಗಿಯನ್ನು ಮುಟ್ಟುವುದಿರಲಿ, ಅವು ರೋಗಿಯ ಮುಖವನ್ನೂ ನೋಡಿರಲಿಲ್ಲ. ಎರಡು ವರ್ಷದಲ್ಲಿ 71ಕ್ಕೆ ಕ್ಷಯ ಅಂಟಿತು. ಮುಂದಿನ ಸುತ್ತಿನಲ್ಲಿ ಅದೇ ಗಾಳಿಗೆ ರೋಗಾಣು ಕೊಲ್ಲುವ ಅತಿನೇರಳೆ ಬೆಳಕು ಹಾಯಿಸಿ ಕೊಟ್ಟರು. ಅದನ್ನು ಉಸಿರಾಡಿದ ಒಂದಕ್ಕೂ ಅಂಟಲಿಲ್ಲ.

ಇಷ್ಟಾದರೂ ಲೋಕ ಒಪ್ಪಿದ್ದು ಕ್ಷಯ, ದಡಾರದಂಥ ಒಂದೆರಡು ಕಾಯಿಲೆಗೆ ಮಾತ್ರ. ಉಳಿದದ್ದೆಲ್ಲ ‘ಹನಿ’ಯ ಲೆಕ್ಕಕ್ಕೆ ಹೋಯಿತು. ಸಾರ್ಸ್ ಬಂದು ಹೋಯಿತು. ಜಗತ್ತಿನಾದ್ಯಂತ ಅದು ತಗುಲಿದ 8,096 ಜನರಲ್ಲಿ ಸುಮಾರು ಐದಕ್ಕೆ ಒಬ್ಬರು ಆಸ್ಪತ್ರೆ ಸಿಬ್ಬಂದಿ. ಅದಾದ ಮೇಲೂ 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಖಡಾಖಂಡಿತವಾಗಿ ಟ್ವೀಟ್ ಮಾಡಿತು. ಮಾತು ಬದಲಾಗಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಎಷ್ಟೋ ಕಡೆ ನರ್ಸ್‌ಗಳು ತೆಳು ಮಾಸ್ಕಿನಲ್ಲೇ ಪಾಳಿ ಮುಗಿಸಿದ್ದರು.

ಪೆರುವಿನ ಲಿಮಾದಲ್ಲಿ ಎಂಟು ಆಸ್ಪತ್ರೆಗಳ ಗಾಳಿ ಅಳೆದ ಅಧ್ಯಯನವೊಂದು 2007ರಲ್ಲಿ ಹೊರಬಂತು. ಬಾಗಿಲು, ಕಿಟಕಿ ತೆರೆದಿಟ್ಟ ಕೋಣೆಗಳಲ್ಲಿ ಗಾಳಿ ಗಂಟೆಗೆ 28 ಸಲ ಬದಲಾಗುತ್ತಿತ್ತು. ಮಷೀನಿನಿಂದ ಗಾಳಿಯಾಡಿಸುವ ಕೋಣೆಗಳಿಗೆ ಶಿಫಾರಸು ಮಾಡಿದ್ದು 12 ಸಲ. ಎತ್ತರದ ಸೂರು, ದೊಡ್ಡ ಕಿಟಕಿಯ ಹಳೇ ಕಟ್ಟಡಗಳಲ್ಲಿ ಇನ್ನೂ ಜಾಸ್ತಿ, 40 ಸಲ!

ನಮ್ಮ ವಾರ್ಡುಗಳಲ್ಲಿ ಸಂಜೆಯಾದರೆ ಏನಾಗುತ್ತದೆ ಗೊತ್ತಲ್ವಾ? ‘ತಂಡಿ ಗಾಳಿ ಬರುತ್ತೆ, ಅಜ್ಜನಿಗೆ ಶೀತ ಆಗುತ್ತೆ’ ಅಂತ ಯಾರಾದರೂ ಎದ್ದು ಹೋಗಿ ಕಿಟಕಿಯ ಚಿಲಕ ಹಾಕುತ್ತಾರೆ. ಒಳಗೆ ಹತ್ತು ಜನ ಕೆಮ್ಮುತ್ತಿರುತ್ತಾರೆ.