‘ಕಾಯಿ’ ಯಾಕೆ ‘ತಾಯಿ’ ಆಯಿತು? ಸ್ಪೀಚ್ ಥೆರಪಿಸ್ಟ್ ಕೆಲಸದ ಬಗ್ಗೆ ಟಿಪ್ಪಣಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕೂವರೆ ವರ್ಷದ ಹುಡುಗ. ‘ಕಾಯಿ’ ಅನ್ನಲು ಹೋಗಿ ‘ತಾಯಿ’ ಅನ್ನುತ್ತಾನೆ. ‘ಗಾಳಿ’ ಅವನ ಬಾಯಲ್ಲಿ ‘ದಾಳಿ’. ನಾಲಿಗೆ ದಪ್ಪ ಅಂತ ಮನೆಯವರ ತೀರ್ಮಾನ. ಅಜ್ಜಿ ಬಜೆ ತೇದು ನೆಕ್ಕಿಸಿದ್ದೂ ಆಗಿದೆ. ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಏನು ಮಾಡುತ್ತಾರೆ? ‘ಕ ಅನ್ನು, ಕ ಅನ್ನು’ ಅಂತ ನೂರು ಸಲ ಹೇಳಿಸುತ್ತಾರೆ ಅಂತ ಸುಮ್ನೆ ಅಂದುಕೊಳ್ಳಬೇಡಿ.

ಮೊದಲು ಕಿವಿ. ಕೇಳಿಸದ ಶಬ್ದವನ್ನು ಮಗು ಕಲಿಯುವುದಾದರೂ ಹೇಗೆ? ಹಾಗಾಗಿ ಶ್ರವಣ ಪರೀಕ್ಷೆ ಮಾಡಿಸದೆ ಮುಂದೆ ಹೋಗುವಂತಿಲ್ಲ. ಆಮೇಲೆ ಬಾಯಿಯ ಒಳಗೆ ನೋಡುತ್ತಾರೆ: ನಾಲಿಗೆ, ಹಲ್ಲು, ಅಂಗುಳ.

ಎಲ್ಲ ಸರಿಯಿದ್ದರೆ ತಪ್ಪುಗಳ ಪಟ್ಟಿ ತಯಾರಾಗುತ್ತದೆ. ಇಲ್ಲಿ ನಮ್ಮ ವರ್ಣಮಾಲೆ ಕೈ ಹಿಡಿಯುತ್ತದೆ. ಕ ವರ್ಗಕ್ಕೆ ನಾಲಿಗೆಯ ಹಿಂಭಾಗ ಎದ್ದು ಮೆದು ಅಂಗುಳಕ್ಕೆ ತಾಗಬೇಕು. ತ ವರ್ಗಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗಬೇಕು. ಈ ಹುಡುಗ ಕ ಇದ್ದಲ್ಲಿ ತ, ಗ ಇದ್ದಲ್ಲಿ ದ ಹಾಕುತ್ತಿದ್ದಾನೆ. ಅಂದರೆ ಅವನದು ಎರಡು ತಪ್ಪಲ್ಲ, ಒಂದೇ: ಹಿಂದೆ ಆಗಬೇಕಾದದ್ದು ಮುಂದೆ ಆಗುತ್ತಿದೆ. ಎರಡು ವರ್ಷದ ಮಗು ಹೀಗೆ ಮಾಡಿದರೆ ಚಿಂತೆಯಿಲ್ಲ. ನಾಲ್ಕು ದಾಟಿದ ಮೇಲೂ ಉಳಿದರೆ ಗಮನ ಕೊಡಬೇಕು.

ಚಿಕಿತ್ಸೆಯೂ ಚೆಂದ. ತೆಂಗಿನಕಾಯಿ ಚಿತ್ರ, ಅಮ್ಮನ ಚಿತ್ರ ಎದುರಿಗಿಡುತ್ತಾರೆ. ‘ಕಾಯಿ’ ಕೇಳಲು ಹೋದ ಹುಡುಗ ‘ತಾಯಿ’ ಅಂದರೆ ಥೆರಪಿಸ್ಟ್ ಅಮ್ಮನ ಚಿತ್ರ ಕೊಡುತ್ತಾರೆ. ತಾನು ಹೇಳಿದ್ದೇ ಬೇರೆಯಾಯಿತು ಅಂತ ಅವನಿಗೇ ಗೊತ್ತಾಗುತ್ತದೆ. ನೂರು ಸಲದ ಗಿಣಿಪಾಠಕ್ಕಿಂತ ಇದು ವಾಸಿ ಅಲ್ವಾ?

ಅಂದಹಾಗೆ, ಇದನ್ನು ಉಗ್ಗು ಜೊತೆ ಬೆರೆಸಬೇಡಿ. ಉಗ್ಗಿನಲ್ಲಿ ಅಕ್ಷರ ಬದಲಾಗುವುದಿಲ್ಲ, ಮಾತಿನ ಓಟ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ.

ದೊಡ್ಡವರ ವಿಷಯಕ್ಕೆ ಬಂದರೆ ಲಕ್ವ ಹೊಡೆದವರೇ ಜಾಸ್ತಿ ಸಿಗುತ್ತಾರೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಬರೀ ‘ಟ್ಯಾನ್’ ಅನ್ನುತ್ತಿದ್ದ ರೋಗಿಯೊಬ್ಬನ ಮೆದುಳನ್ನು ಅವನು ಸತ್ತ ಮೇಲೆ ಪರೀಕ್ಷಿಸಿದ. ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿ ಕಂಡಿತು. ಲಕ್ವದಂಥ ಕಾರಣಕ್ಕೆ ಮೆದುಳಿಗೆ ಹಾನಿಯಾಗಿ ಭಾಷೆ ಕೈಕೊಡುವುದಕ್ಕೆ ಅಫೇಸಿಯಾ ಅನ್ನುತ್ತಾರೆ. ಈ ವೈದ್ಯನ ಹೆಸರಿನ ಬ್ರೋಕಾ ಅಫೇಸಿಯಾ ಇರುವವರಿಗೆ ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ತಿರುಗಿ ಹೇಳಲು ಪದ ಸಿಗುವುದಿಲ್ಲ. ವರ್ನಿಕೆ ಎಂಬ ಇನ್ನೊಬ್ಬ ವೈದ್ಯನ ಹೆಸರಿನ ಅಫೇಸಿಯಾದಲ್ಲಿ ಉಲ್ಟಾ: ಮಾತು ಸರಾಗ, ನಾವು ಹೇಳಿದ್ದು ಅರ್ಥವಾಗುವುದು ಕಮ್ಮಿ. ಮೊದಲನೆಯವರಿಗೆ ಬುದ್ಧಿ ಹೋಯಿತು ಅಂದುಕೊಂಡು ಮನೆಯವರು ಅವರೆದುರೇ ಏನೇನೋ ಆಡಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ ಅಂತ ತಿಳಿಸಿ ಹೇಳುವುದೂ ಥೆರಪಿಸ್ಟ್ ಕೆಲಸವೇ.

ಓದು, ನೋಂದಣಿ: ಬಿಎಎಸ್‌ಎಲ್‌ಪಿ (ಶ್ರವಣ, ಮಾತು ಮತ್ತು ಭಾಷೆಯ ತೊಂದರೆಗಳ ಓದು) ಪದವಿ, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಈ ಓದು ಸಿಗುವ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು. ತೊಂದರೆ ಏನೆಂದು ಗುರುತಿಸುವುದೂ ಇವರ ಕೆಲಸ. ಔಷಧಿ, ಆಪರೇಷನ್ ಇವರದಲ್ಲ.

ಥೆರಪಿಸ್ಟ್ ಕೆಲಸದಲ್ಲಿ ನಾವು ಸುಲಭವಾಗಿ ಮರೆಯುವ ಭಾಗ ನುಂಗುವಿಕೆಯ ತೊಂದರೆ. ನೀರು ‘ನೆತ್ತಿಗೆ ಹತ್ತಿತು’ ಅನ್ನುತ್ತೇವೆ, ಅದು ಹೋಗಿದ್ದು ನೆತ್ತಿಗಲ್ಲ, ಶ್ವಾಸನಾಳದ ಕಡೆಗೆ. ಕೆಮ್ಮು ಬಂದು ನಾವು ಬಚಾವಾಗುತ್ತೇವೆ. ಲಕ್ವ ಆದ ಕೆಲವರಿಗೆ ಆ ಕೆಮ್ಮೂ ಬರುವುದಿಲ್ಲ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ತೆಳ್ಳಗಿರುವುದು ಸಲೀಸು ಅಂದುಕೊಳ್ಳುತ್ತೇವೆ. ಆದರೆ ನೀರು ಬೇಗ ಹರಿಯುತ್ತದೆ, ಸೊರಗಿದ ಗಂಟಲು ಅಷ್ಟು ಬೇಗ ದಾರಿ ಮುಚ್ಚಲಾರದು. ಹಾಗಾಗಿ ಕೆಲವರಿಗೆ ನೀರಿಗಿಂತ ಗಂಜಿಯಷ್ಟು ಗಟ್ಟಿ ಇರುವುದೇ ಕ್ಷೇಮ. ಯಾರಿಗೆ ಎಷ್ಟು ಗಟ್ಟಿ ಅನ್ನುವುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಅಲ್ಲಿಯವರೆಗೆ ಮಲಗಿರುವವರ ಬಾಯಿಗೆ ಚಮಚದಲ್ಲಿ ನೀರು ಹಾಕಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಬೇಕು.