ಇಂಚು, ಸೆಂಟು ಮತ್ತು ಮಳೆ ನಕ್ಷತ್ರ

ಮಾರ್ಚ್ ತಿಂಗಳ ಒಂದು ಸಂಜೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ನಾಲ್ಕು ಸಲ ಗುಡುಗಿತೆಂದರೆ ಮರುದಿನ ಬೆಳಿಗ್ಗೆ ಫೋನಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ನಿಮ್ಮಲ್ಲಿ ಎಷ್ಟಾಯ್ತು?"

"ಒಂದು ಇಂಚು ಹತ್ತು ಸೆಂಟು."

"ನಮ್ಮಲ್ಲಿ ಬರೀ ಮೂವತ್ತು ಸೆಂಟು ಮಾರಾಯ್ರೆ. ಗುಡ್ಡದ ಆಚೆಗೇ ಹೋಯ್ತು."

ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ದಶಕಗಳಾದವು. ಕಾಫಿ ತೋಟದವರು ಮಾತ್ರ ಇಂದಿಗೂ ಮಳೆಯನ್ನು ಇಂಚು-ಸೆಂಟಿನಲ್ಲೇ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಕೇಳಿದವರಿಗೆ ದುಡ್ಡಿನ ಲೆಕ್ಕದ ಹಾಗೆ ಕೇಳಿಸುತ್ತದೆ. ನಿಜಕ್ಕೂ ದುಡ್ಡಿನ ಲೆಕ್ಕವೇ.

ಕಾಫಿ ಗಿಡದ ಮೊಗ್ಗು ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಹಂತದವರೆಗೆ ಬೆಳೆದು ಅಲ್ಲಿಗೇ ನಿದ್ದೆಹೋಗುತ್ತದೆ. ಅದು ಏಳಬೇಕಾದರೆ ಮೊದಲು ಕೆಲವು ವಾರ ಗಟ್ಟಿ ಒಣಹವೆ ಇರಬೇಕು, ಆಮೇಲೆ ಒಮ್ಮೆಲೇ ಒಳ್ಳೆಯ ಮಳೆ ಬೀಳಬೇಕು. ಬಾಯಾರಿ ಕೂತ ಮೊಗ್ಗಿಗೆ ತಟ್ಟನೆ ನೀರು ಸಿಕ್ಕಾಗ ಅದು ಸರಸರನೆ ಹಿಗ್ಗಿ, ಎಂಟು-ಹತ್ತು ದಿನದಲ್ಲಿ ಅರಳುತ್ತದೆ. ಒಂದು ಬೆಳಗಿನ ಜಾವ ಇಡೀ ತೋಟ ಬೆಳ್ಳಗಾಗಿ, ರಸ್ತೆಯಲ್ಲಿ ಹೋಗುವ ಬಸ್ಸಿನ ಕಿಟಕಿಗೂ ಮಲ್ಲಿಗೆಯಂಥ ವಾಸನೆ ಬಡಿಯುತ್ತದೆ. ಇದನ್ನು ತರಿಸುವುದೇ ಹೂಮಳೆ. ಎರಡು-ಮೂರು ವಾರದ ಮೇಲೆ ಕಚ್ಚಿದ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು. ತೋಟದ ಭಾಷೆಯಲ್ಲಿ ಅದು 'ಬ್ಯಾಕಿಂಗ್'. ಹೂಮಳೆ ಸಾಲದೆ ಹೋದರೆ ಮೊಗ್ಗು ಅರೆಬರೆ ಎಚ್ಚರಗೊಂಡು ಮುರುಟಿಹೋಗುತ್ತದೆ. ಹೂ ಅರಳಿದ ದಿನವೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಅದಕ್ಕೆ ಈ ಪೆಟ್ಟು ಇನ್ನೂ ಜೋರು.

ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ವರ್ಷಕ್ಕೆ ಎರಡು ಸಾವಿರ ಮಿ.ಮೀ. ಮಳೆ ಕಾಣುವ ಊರಿನ ಗಳಿಕೆ ಬೇಸಿಗೆಯ ಒಂದು-ಒಂದೂವರೆ ಇಂಚಿನ ಮೇಲೆ ನಿಂತಿದೆ. ಆ ಒಂದು ಇಂಚು ಎಂದರೆ ಎಷ್ಟು ನೀರು? ಲೆಕ್ಕ ಹಾಕಿ ನೋಡಿ: ಒಂದು ಎಕರೆಗೆ ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು. ಹತ್ತು ಎಕರೆ ತೋಟಕ್ಕೆ ಹತ್ತು ಲಕ್ಷ ಲೀಟರು. ಮೋಡ ಅರ್ಧ ಗಂಟೆಯಲ್ಲಿ ಪುಕ್ಕಟೆ ಕೊಡುವ ಇದನ್ನು ಹಳ್ಳದಿಂದ ಎತ್ತಿ ಸ್ಪ್ರಿಂಕ್ಲರಿನಲ್ಲಿ ಹಾರಿಸಲು ಹೊರಟವರಿಗೆ ಡೀಸೆಲ್ ಬಿಲ್ ನೋಡಿದಾಗ ಮಳೆಯ ಬೆಲೆ ತಿಳಿಯುತ್ತದೆ. ಆ ಹೊತ್ತಿಗೆ ಹಳ್ಳದಲ್ಲಿ ನೀರಿದ್ದರೆ, ಅನ್ನಿ.

ಎಷ್ಟು ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ದೊಡ್ಡದು ಎಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಮಳೆಗೆ ಹೆಸರೇ ತಾರೀಕು. ರೋಹಿಣಿ, ಮೃಗಶಿರ, ಆರಿದ್ರಾ, ಮಘೆ, ಸ್ವಾತಿ: ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ. "ರೋಹಿಣಿಯಲ್ಲಿ ಬಿತ್ತಿದರೆ ಓಣಿ ತುಂಬ ಜೋಳ." "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ಹಬ್ಬಗಳು ಚಂದ್ರನ ಲೆಕ್ಕದಲ್ಲಿ ಹಿಂದೆ-ಮುಂದೆ ಓಡಾಡುತ್ತವೆ. ಮಳೆ ನಕ್ಷತ್ರ, ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕವಾದ್ದರಿಂದ ಮೃಗಶಿರ ಪ್ರತಿವರ್ಷ ಜೂನ್ 8ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಅದಕ್ಕೇ ಅದು ಬೇಸಾಯಕ್ಕೆ ಒದಗಿದ್ದು.

ಇದರಲ್ಲೊಂದು ತಮಾಷೆಯೂ ಇದೆ. ಭೂಮಿಯ ಅಕ್ಷ ನಿಧಾನದ ಬುಗುರಿಯಂತೆ ತೊನೆಯುವುದರಿಂದ ನಕ್ಷತ್ರಗಳ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನ ಜಾರುತ್ತದೆ, ಸಾವಿರ ವರ್ಷಕ್ಕೆ ಒಂದಿಡೀ ಮಳೆ ನಕ್ಷತ್ರದಷ್ಟು. ಸಾವಿರ ವರ್ಷದ ಹಿಂದೆ ರೋಹಿಣಿ ಈಗಿನ ಕೃತ್ತಿಕೆಯ ಜಾಗದಲ್ಲಿತ್ತು. ಗಾದೆಗಳು ಯಾವ ಕಾಲದವೋ! ಅವು ಇಂದಿಗೂ ತಕ್ಕಮಟ್ಟಿಗೆ ಹೊಂದುತ್ತಿದ್ದರೆ, ಜನ ಅವನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತ ಬಂದಿರಬೇಕು ಎಂದು ನನ್ನ ಊಹೆ.

ಮಲೆನಾಡಿನಿಂದ ವಿಜಯಪುರಕ್ಕೆ ಹೋದರೆ ಪಂಚಾಂಗವೇ ಬೇರೆ. ಪಶ್ಚಿಮ ಘಟ್ಟ ಹತ್ತುವಾಗಲೇ ಮೋಡ ತನ್ನ ನೀರಿನ ಬಹುಪಾಲು ಇಳಿಸಿಬಿಟ್ಟಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುವ ಮಳೆ, ಅದೇ ರಾಜ್ಯದ ಚಳ್ಳಕೆರೆಯಲ್ಲಿ ಐನೂರರ ಆಚೀಚೆ. ವಿಜಯಪುರದ ಕಡೆ ಸೆಪ್ಟೆಂಬರಿನ ಮಳೆಯೇ ಜೋರು. ಅಲ್ಲಿನ ಎರೆ ಮಣ್ಣು ಆ ನೀರನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಆಮೇಲೆ ಮಳೆಯ ಮುಖ ಹೆಚ್ಚು ನೋಡದೆ, ಆ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆ ಕಟ್ಟುತ್ತದೆ. ಕೆಂಪು ಮಣ್ಣಿಗೆ ಈ ಉಳಿತಾಯದ ಗುಣವಿಲ್ಲ. ಕೋಲಾರ, ತುಮಕೂರಿನ ರಾಗಿ ಹೊಲ ಎರಡು-ಮೂರು ವಾರ ಮಳೆ ತಪ್ಪಿದರೆ ಬಾಡುತ್ತದೆ.

2023 ಇದಕ್ಕೆ ಕಣ್ಣೆದುರಿನ ಸಾಕ್ಷಿ. ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಯಂತೆ ಬರಬೇಕಾದದ್ದು ಸುಮಾರು 87 ಸೆಂ.ಮೀ. ಆ ವರ್ಷ ಅದರಲ್ಲಿ ಶೇ. 94 ಬಂತು. ಕಾಗದದ ಮೇಲೆ ಅಂಥ ಅನಾಹುತವೇನಲ್ಲ. ಆದರೆ ಜುಲೈಯಲ್ಲಿ ವಾಡಿಕೆಗಿಂತ ಹೆಚ್ಚು ಹೊಯ್ದ ಮಳೆ ಆಗಸ್ಟ್‌ನಲ್ಲಿ ನಾಪತ್ತೆಯಾಯಿತು. 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಮುಂಗಾರಿನಲ್ಲಿ ಹೀಗೆ ಬಿಡುವು ಬೀಳುವುದು ಹೊಸದಲ್ಲ. ಉತ್ತರದ ಬಯಲಿನ ಮೇಲೆ ಚಾಚಿಕೊಂಡಿರುವ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದರೆ ಅಲ್ಲಿ ನೆರೆ, ಇಲ್ಲಿ ಬಿಸಿಲು. ಆ ಸಲ ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ಎಲ್ ನಿನೋ ಕೂಡ ಜೊತೆಗಿತ್ತು. ಕರ್ನಾಟಕ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಮುಂದಿನ ಮಾರ್ಚ್‌ಗೆ ಬೆಂಗಳೂರಿನ ಬೀದಿಗಳಲ್ಲಿ ಟ್ಯಾಂಕರ್ ನೀರಿಗೆ ಪರದಾಟ. ಸರಾಸರಿ ಎಂಬುದು ಎಷ್ಟನ್ನು ಮುಚ್ಚಿಡುತ್ತದೆ ನೋಡಿ.

ಎಲ್ ನಿನೋ ಬಂದರೆ ಬರ ಖಚಿತ ಎಂದೂ ಇಲ್ಲ. 1997ರಲ್ಲಿ ಭಾರೀ ಎಲ್ ನಿನೋ ಇದ್ದೂ ದೇಶದ ಮುಂಗಾರು ವಾಡಿಕೆಯಷ್ಟೇ ಬಂತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಿದ್ದು ಕೈಹಿಡಿದಿತ್ತು.

ಬರದ ಪೆಟ್ಟು ಹೊಲದ ಬದುವಿಗೆ ನಿಲ್ಲುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರನ್ನೇ ಜೀವನವಿಡೀ ಓದಿದ ಸುಲೋಚನಾ ಗಾಡ್ಗೀಳ್ ಅವರು ಸಿದ್ಧಾರ್ಥ ಗಾಡ್ಗೀಳ್ ಜೊತೆ 2006ರಲ್ಲಿ ಐದು ದಶಕಗಳ ಅಂಕಿಅಂಶ ಜಾಲಾಡಿದರು. ತೀವ್ರ ಬರ ದೇಶದ ಒಟ್ಟು ಉತ್ಪನ್ನವನ್ನು ಶೇ. 2ರಿಂದ 5ರಷ್ಟು ತಗ್ಗಿಸುತ್ತದೆ ಎಂದು ಕಂಡಿತು. ಆ ಐದು ದಶಕಗಳಲ್ಲಿ ಒಟ್ಟು ಉತ್ಪನ್ನದಲ್ಲಿ ಕೃಷಿಯ ಪಾಲು ಎಷ್ಟೋ ಕುಗ್ಗಿತ್ತು, ಪೆಟ್ಟು ಮಾತ್ರ ಕುಗ್ಗಿರಲಿಲ್ಲ. ಹಳ್ಳಿಯವರ ಕೈಯಲ್ಲಿ ಕಾಸಾಡದಿದ್ದರೆ ಬೈಕು, ಬಟ್ಟೆ, ಸಿಮೆಂಟು ಕೊಳ್ಳುವವರು ಯಾರು? ನನ್ನನ್ನು ಇನ್ನೂ ಕಾಡುವುದು ಅವರ ಎರಡನೆಯ ಮಾತು: ಮಳೆ ಕೈಕೊಟ್ಟ ವರ್ಷದ ನಷ್ಟಕ್ಕೆ ಹೋಲಿಸಿದರೆ ಮಳೆ ಚೆನ್ನಾದ ವರ್ಷದ ಲಾಭ ಸಣ್ಣದು. ಇದಕ್ಕೆ ಮೂಲ ಭಯ. ಮಳೆ ನಂಬಿದವನು ಗೊಬ್ಬರಕ್ಕೆ ಸಾಲ ಮಾಡಲು ಹಿಂಜರಿಯುತ್ತಾನೆ. ಮಳೆ ಚೆನ್ನಾಗಿ ಬಂದಾಗ ಅದನ್ನು ಬಳಸಿಕೊಳ್ಳುವ ಸಿದ್ಧತೆ ಹೊಲದಲ್ಲಿ ಇರುವುದಿಲ್ಲ.

ಕಾಡು-ಕಡಲಿಗೂ ಇದೇ ಪಂಚಾಂಗ. ಮಲೆನಾಡಿನಲ್ಲಿ ಮೊದಲ ಜೋರು ಮಳೆಗೆ ಹೊಳೆಯ ಮೀನು ನೀರಿಗೆದುರಾಗಿ ತೋಡು ಹತ್ತಿ ಗದ್ದೆಗೆ ಬಂದು ಮೊಟ್ಟೆ ಇಡುತ್ತದೆ. ಹತ್ತುಮೀನಿನ ಆ ರಾತ್ರಿ ಟಾರ್ಚ್ ಹಿಡಿದು ಇಳಿಯದ ಹುಡುಗರಿಲ್ಲ. ಕರಾವಳಿಯಲ್ಲಿ ನೈಋತ್ಯದ ಗಾಳಿ ಮೇಲಿನ ನೀರನ್ನು ಸರಿಸಿದಾಗ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ನದಿಗಳು ತಂದ ಗೋಡು ಅದಕ್ಕೆ ಸೇರುತ್ತದೆ. ಅದರಲ್ಲಿ ಹುಟ್ಟುವ ಸೂಕ್ಷ್ಮ ಪಾಚಿಯೇ ಬೂತಾಯಿ, ಬಂಗುಡೆಗಳ ಊಟದ ಬುಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯದಂತೆ ತಡೆಯುವುದು ಈ ಬಸಿರು-ಬಾಣಂತನದ ಕಾಲಕ್ಕೇ.

ಈಚಿನ ವರ್ಷಗಳಲ್ಲಿ ಕಾಫಿ ಸೀಮೆಗೆ ಜನವರಿಯಲ್ಲೇ ಮಳೆ ಬಂದು ಹೋದದ್ದುಂಟು. ಕಣದಲ್ಲಿ ಹರವಿದ ಹಣ್ಣು ತೊಯ್ದು ಬೂಸ್ಟು ಹಿಡಿಯುವುದು ಒಂದು ಕಷ್ಟ. ಇನ್ನೊಂದು ಗಿಡದ ಮೇಲಿನದು. ರೊಬಸ್ಟಾ ಕೊಯ್ಲು ಮುಗಿದಿರುವುದಿಲ್ಲ, ಅಷ್ಟರಲ್ಲಿ ಮೊಗ್ಗಿಗೆ ಎಚ್ಚರವಾಗಿರುತ್ತದೆ. ಒಂದೇ ರೆಕ್ಕೆಯಲ್ಲಿ, ಅಂದರೆ ಕೊಂಬೆಯಲ್ಲಿ, ಕೆಂಪು ಹಣ್ಣು, ಪಕ್ಕದಲ್ಲೇ ಬಿಳಿ ಹೂ. ಹಣ್ಣು ಕೀಳಲು ಕೈಯಿಟ್ಟರೆ ಮುಂದಿನ ವರ್ಷದ ಬೆಳೆ ನೆಲಕ್ಕುದುರುತ್ತದೆ.